ಅಫೀಮು ಬಿಡಿಸಿದ ಹದಿನಾರು ದಿನ

ಬಸವಕಲ್ಯಾಣದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದ ವರ್ಷ ನಾನು ಕಂಡವರನ್ನೆಲ್ಲ ವಾದಕ್ಕೆ ಎಳೆಯುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ರಜೆಗೆ ಅಕ್ಕನ ಗಂಡನ ಊರಾದ ಹುಡಗಿ ಎಂಬ ಹಳ್ಳಿಗೆ ಹೋದಾಗ ಕೈಗೆ ಸಿಕ್ಕವರು ಅವಳ ಅತ್ತೆ.

ಅಕ್ಕನ ಕೂಸಿಗೆ ಆಗ ಎರಡು ತಿಂಗಳು. ಕಳೆ ತೆಗೆಯಲು ಹೋಗುವ ಹೆಂಗಸರು, ಕೂಸು ಮಲಗಿರಲೆಂದು, ಅಫೀಮಿನ ಗುಳಗಿಯನ್ನು ಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇದು ಬೆರಳ ತುದಿಯಿಂದ ನೆಕ್ಕಿಸುತ್ತಿದ್ದರು. ಅಕ್ಕನೂ ಹಾಗೇ ಮಾಡುತ್ತಿದ್ದಳು. ತಮ್ಮ ಐದೂ ಮಕ್ಕಳು ಇದರ ಮೇಲೇ ಬೆಳೆದವು ಅಂದರು ಅತ್ತೆ. ಇದರಿಂದ ಬೆಳೆದವೋ, ಇದನ್ನು ತಡೆದುಕೊಂಡು ಬೆಳೆದವೋ ಎಂದು ಕೇಳಿದೆ. ಅತ್ತೆ ರೊಟ್ಟಿ ತಟ್ಟಲು ಎದ್ದುಹೋದರು. ಗೆದ್ದೆ ಅಂದುಕೊಂಡು ಗುಳಗಿಯ ಡಬ್ಬಿಯನ್ನು ತಿಪ್ಪೆಗೆ ಎಸೆದೆ.

ಎರಡನೆಯ ದಿನ ಕೂಸು ಚೀರತೊಡಗಿತು. ಮೊಲೆ ಕೊಟ್ಟರೆ ಒಂದು ಗುಟುಕು ಕುಡಿದು ಮತ್ತೆ ಚೀರುತ್ತಿತ್ತು. ಕೈಕಾಲು ನಡುಗುತ್ತಿದ್ದವು. ಮೇಲಿಂದ ಮೇಲೆ ಸೀನು, ಆಕಳಿಕೆ, ನೀರಿನಂತೆ ಭೇದಿ. ಬಸ್ಸು ಹತ್ತಿ ಹುಮನಾಬಾದಿನ ದವಾಖಾನೆಗೆ ಓಡಿದೆವು.

ಅಲ್ಲಿದ್ದ ಡಾಕ್ಟರಬಾಯಿ ಕೂಸಿನ ಅಂಗೈಯಲ್ಲಿ ತಮ್ಮ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಏನು ಕೊಟ್ಟಿದ್ದೀರೆಂದು ಕೇಳಿದ್ದಕ್ಕೆ ಅಕ್ಕ, ಬೈದಾರೆಂದು ಹೆದರಿ, ಬರೀ ಹಾಲು ಅಂದಳು. ಅವರು ಬೈಯಲಿಲ್ಲ.

"ಅಫೀಮು ಕೊಟ್ಟಿದ್ದಕ್ಕ ಹಿಂಗ ಆಗಂಗಿಲ್ಲವ್ವಾ, ಒಮ್ಮಿಗೇ ಬಂದ್ ಮಾಡಿದ್ದಕ್ಕ ಆಗ್ತದ. ಯಾರು ಬಂದ್ ಮಾಡಿದ್ರು?"

ಅಕ್ಕ ಕೂಸಿನ ಬಟ್ಟೆ ಸರಿಪಡಿಸತೊಡಗಿದಳು.

"ನಾನ್ರೀ," ಅಂದೆ. ಅಫೀಮು ಕೆಟ್ಟದ್ದೆಂದು ಡಬ್ಬಿಯನ್ನೇ ಎಸೆದದ್ದನ್ನೂ ಹೇಳಿದೆ.

ಅಫೀಮು ಕೆಟ್ಟದ್ದೆಂಬ ನನ್ನ ಮಾತು ಸರಿಯೇ ಅಂದರು. ಆದರೆ ಅದಕ್ಕೆ ಒಗ್ಗಿದ ಎಳೆಯ ಮೈಯಿಂದ ಒಮ್ಮೆಲೇ ಕಿತ್ತರೆ ಜೀವಕ್ಕೇ ಅಪಾಯ. ದವಾಖಾನೆಯಲ್ಲಿಟ್ಟು, ಅಳೆದ ಔಷಧಿ ಕೊಟ್ಟು, ದಿನದಿನಕ್ಕೆ ಇಳಿಸಬೇಕು. ಎಷ್ಟು ದಿನ ಎಂದು ಕೇಳಿದೆ.

"ನನಗ ಗೊತ್ತಿಲ್ಲ ತಂಗಿ. ಪುಸ್ತಕದಾಗ ದೊಡ್ಡವರದು ಬರದಾರ, ಇಂಥ ಕೂಸಿಂದು ಭಾಳ ಕಡಿಮಿ. ಅದಕ್ಕ ನಾನೇ ನೋಡಿ ಬರಿಯಾಕತ್ತೀನಿ."

ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ನೋಟಬುಕ್ಕಿನಲ್ಲಿ ಹಿಂದೆ ಬಂದ ಇಂಥ ಕೂಸುಗಳ ನಡುಕ, ಸೀನು, ನಿದ್ದೆ, ತೂಕವೆಲ್ಲ ಇತ್ತು. ಸೂಜಿ ಚುಚ್ಚಿದಾಗ ಹಣೆ ಗಂಟಿಕ್ಕಿತೇ ಎಂಬುದಕ್ಕೂ ಒಂದು ಕಾಲಮ್ಮು. ಎಳೆಗೂಸಿಗೆ ನೋವು ತಿಳಿಯುವುದಿಲ್ಲವೆಂದು ಅವರಿಗೆ ಕಲಿಸಿದ ಪ್ರೊಫೆಸರರೇ ಹೇಳುತ್ತಿದ್ದರಂತೆ. ಇವರು ವಾದಕ್ಕೆ ನಿಲ್ಲದೆ ಮುಖ ನೋಡಿ ಬರೆಯುತ್ತ ಹೋಗಿದ್ದರು. ನಮ್ಮ ಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಹಂಚುತ್ತಿದ್ದರು; ನಿಜ ಯಾವುದೆಂದು ಯಾರೂ ನೋಡುತ್ತಿರಲಿಲ್ಲ.

ನಮ್ಮ ಕೂಸಿನ ಪುಟ ಬರೆಯುವ ಕೆಲಸ ನನಗೇ ಬಿತ್ತು. ನಾಲ್ಕನೆಯ ದಿನ, ಸುಧಾರಿಸಿದೆ ಎಂದು ಬರೆದೆ. ಅವರು ಅದರ ಮೇಲೆ ಗೆರೆ ಎಳೆದರು.

"ಅದು ನಿನ್ನ ಆಸೆ. ಎಷ್ಟ ಸರ್ತಿ ಸೀನಿತು, ಅಷ್ಟ ಬರಿ."

ಹದಿನಾರನೆಯ ದಿನ ಕೂಸು ಔಷಧಿಯಿಲ್ಲದೆ ಹೊಟ್ಟೆತುಂಬ ಕುಡಿದು ಮಲಗಿತು. ರೊಟ್ಟಿ ತಂದಿದ್ದ ಅತ್ತೆ ಡಾಕ್ಟರಬಾಯಿಯನ್ನು ಕೇಳಿದರು: "ಎಲ್ಲಾ ಖರೇರಿ. ನಾಳಿ ಸೊಸಿ ಹೊಲಕ್ಕ ಹ್ಯಾಂಗ ಹೋಗಬೇಕ್ರಿ?"

"ಡಬ್ಬಿ ಒಗದಾಕಿ ಇಲ್ಲೇ ಕುಂತಾಳಲ್ರಿ, ಆಕಿನ್ನ ಕೇಳ್ರಿ."

ಉಳಿದ ರಜೆಯೆಲ್ಲ ಹೊಲದ ಬದುವಿನ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ, ಅಕ್ಕ ಕಳೆ ತೆಗೆಯುವಷ್ಟು ಹೊತ್ತು ನಾನೇ ಕೂಸನ್ನು ತೂಗಿದೆ. ಮೊದಲ ದಿನ ಕೂಸು ಎರಡು ಸಲ ಸೀನಿತು. ಧೂಳಿಗೇ ಇರಬೇಕು, ಆದರೂ ಬರೆದುಕೊಂಡೆ.