ದಾರ ಕಟ್ಟಿದ ಟೊಮಾಟೊ

ಟೊಮಾಟೊ ಗಿಡದ ಕಂಕುಳಲ್ಲಿ ಹೊರಟ ಚಿಗುರನ್ನು ಚಿವುಟಿದರೆ ಬೆರಳಿಗೆ ಒಂದು ವಾಸನೆ ಹತ್ತುತ್ತದೆ. ನೀವು ಗಿಡ ಬೆಳೆಸಿದವರಾದರೆ ನಾನು ಹೇಳಬೇಕಾಗಿಲ್ಲ. ಬೆಳೆಸದವರಾದರೆ ಹೇಳಿದರೂ ತಿಳಿಯುವುದಿಲ್ಲ. ಸೀಗೆಪುಡಿ ಹಾಕಿ ಉಜ್ಜಿದರೂ ಅದು ಪೂರ್ತಿ ಬಿಡುವುದಿಲ್ಲ. ಈ ಬೆಳಿಗ್ಗೆ ಹಿತ್ತಲಲ್ಲಿ ಆ ಕೆಲಸ ಮುಗಿಸಿ ಬಂದು ಕಾಫಿ ಲೋಟ ಎತ್ತಿದೆ, ಕಾಫಿಗಿಂತ ಮೊದಲು ಆ ವಾಸನೆಯೇ ಮೂಗಿಗೆ ಬಂತು. ಕಾಫಿ ಆರಿ ತಣ್ಣಗಾಗುವವರೆಗೂ ಹಾಗೇ ಕೂತಿದ್ದೆನಂತೆ. "ಬೆಳಿಗ್ಗೆ ಬೆಳಿಗ್ಗೇನೇ ಯಾರನ್ನ ನೆನೆಸ್ಕೊಂಡ್ರಿ?" ಎಂದು ಹೆಂಡತಿ ಕೇಳಿದಳು. ನೀಲತ್ತೆಯನ್ನು ಎಂದೆ. ಅವಳು ಲೋಟ ತೆಗೆದುಕೊಂಡು ಹೋಗಿ ಕಾಫಿಯನ್ನು ಬಿಸಿ ಮಾಡಿ ತಂದಳು.

ನೀಲತ್ತೆ ನಮ್ಮಪ್ಪನ ತಂಗಿ. ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟವರ ಮನೆಯಲ್ಲಿ ಹುಟ್ಟಿ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೋದವರು. ನಾನೂ ಅದೇ ಮಂಡಿಯಲ್ಲಿ ಬೆಳೆದವನು, ಇವತ್ತಿಗೂ ಅಲ್ಲೇ ಕೂರುವವನು. ಹುಣಸೆಹಣ್ಣಿನ ನಡುವೆ ಕೂತು ಕೂತು ನನ್ನ ಮುಖಕ್ಕೂ ಹುಳಿ ಹತ್ತಿದೆ ಎಂದು ಮನೆಯವರ ದೂರು. ಇರಬಹುದು. ಅಂಥ ಮನೆಯಲ್ಲಿ ಟೊಮಾಟೊವನ್ನು ಕೇಳುವವರು ಯಾರು ಹೇಳಿ. ಸಾರಿಗೆ ಹುಳಿ ಬೇಕೆಂದರೆ ಹಿಂದಿನ ಕೋಣೆಯಲ್ಲಿ ಸೂರು ಮುಟ್ಟುವಷ್ಟು ಹುಳಿ ಪೇರಿಸಿಟ್ಟಿತ್ತು.

ಅದು ಸಾಲದೆಂಬಂತೆ ಅಜ್ಜಿ ಇದ್ದರು, ನೀಲತ್ತೆಯ ತಾಯಿ. ಲಿಂಗಪೂಜೆ ಮುಗಿಯದೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಟೊಮಾಟೊ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. "ಕೊಯ್ದ್ರೆ ಒಳಗೆಲ್ಲಾ ಮಾಂಸ ಇದ್ದಂಗೈತೆ. ಲಿಂಗ ಕಟ್ಟಿದೋರ ಮನೇಲಿ ಅದನ್ನ ಬೇಯಿಸ್ತಾರೇನೆ?" ಎನ್ನುತ್ತಿದ್ದರು. ಅದರ ಹೆಸರನ್ನೂ ಹೇಳುತ್ತಿರಲಿಲ್ಲ. 'ಆ ಕೆಂಪುಕಾಯಿ' ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ತಮಾಷೆಯೆಂದರೆ, ನೀಲತ್ತೆಯ ಗಂಡನಿಗೆ ಆ ಕೆಂಪುಕಾಯಿಯ ಹುಚ್ಚು ಹಿಡಿದದ್ದು ನಮ್ಮೂರಲ್ಲೇ. ಮಾವ ಹಬ್ಬಕ್ಕೆ ಬಂದವರು ಸ್ಟೇಷನ್ ಕಡೆ ತಿರುಗಾಡಲು ಹೋಗಿದ್ದರಂತೆ. ಬೆಂಗಳೂರಿನ ರೈಲಿನಿಂದ ಇಳಿಸುತ್ತಿದ್ದ ಬುಟ್ಟಿಯೊಂದರಿಂದ ಒಂದು ಹಣ್ಣು ಉರುಳಿ ಬಿದ್ದು ಒಡೆಯಿತು. ಯಾರಿಗೂ ಬೇಡವಾದ ಅದನ್ನು ಮಾವ ಕರವಸ್ತ್ರದಲ್ಲಿ ಕಟ್ಟಿಕೊಂಡು ಕಲ್ಯಾಣದುರ್ಗಕ್ಕೆ ಒಯ್ದರು. ಅದು ಒಣ ಸೀಮೆ. ಅಲ್ಲಿನ ಬಿಸಿಲಿಗೆ ಮೊದಲ ವರ್ಷದ ಗಿಡಗಳಲ್ಲಿ ಬದುಕಿದ್ದು ಕೆಲವೇ. ಅವುಗಳಲ್ಲಿ ಗಟ್ಟಿಯಾದ ಒಂದನ್ನು ಆರಿಸಿ ಬೀಜ ಹಿಡಿದರು. ಮರುವರ್ಷ ಆ ಬೀಜದ ಗಿಡಗಳಲ್ಲಿ ಮತ್ತೊಂದನ್ನು ಆರಿಸಿದರು. ಹೀಗೇ ನಡೆಯಿತು.

ಮಾವನದು ಜವಳಿ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು; ಗಿಡಗಳ ಮುಂದೆ ಮಾತ್ರ ಯಾಕೋ ಯಾವಾಗಲೂ ತೆಲುಗೇ. "ಪಂಡು ಕಾದು, ಚೆಟ್ಟು ಚೂಡು" ಎಂದು ಅತ್ತೆಗೆ ಹೇಳುತ್ತಿದ್ದರಂತೆ. ಹಣ್ಣನ್ನಲ್ಲ, ಗಿಡವನ್ನು ನೋಡು. ದಪ್ಪ ಹಣ್ಣು ಕಂಡು ಮರುಳಾಗಿ ಬೀಜ ಹಿಡಿದರೆ ಹಣ್ಣೇನೋ ದಪ್ಪಗೆ ಬರಬಹುದು, ಅದನ್ನು ಹೊರುವ ಗಿಡವೇ ಉಳಿಯದೆ ಹೋಗಬಹುದು ಎಂಬುದು ಅವರ ವಾದ. ಇಷ್ಟು ಮಾಡಿಯೂ ಅವರಿಗೆ ಒಂದು ದಕ್ಕಲಿಲ್ಲ. ಬೇಸಿಗೆಯ ಬಿಸಿಲೇರುವ ಹೊತ್ತಿಗೆ ಟೊಮಾಟೊ ಗಿಡಕ್ಕೆ ಎಲೆ ಮುದುರುವ ರೋಗ ಬರುತ್ತದೆ. ಎಲೆ ದೊನ್ನೆಯ ಹಾಗೆ ಸುರುಟಿಕೊಂಡು ಗಿಡ ಗಿಡ್ಡಾಗಿ ನಿಂತುಬಿಡುತ್ತದೆ. ಆ ರೋಗವನ್ನು ತಡೆದು ನಿಲ್ಲುವ ಒಂದೇ ಒಂದು ಗಿಡ ಸಿಗಲಿ, ಅದರ ಬೀಜ ಹಿಡಿದರೆ ನನ್ನ ಕೆಲಸ ಮುಗಿಯಿತು ಎನ್ನುತ್ತಿದ್ದ ಮಾವ, ಅದು ಸಿಗುವ ಮೊದಲೇ ಜ್ವರದಲ್ಲಿ ತೀರಿಕೊಂಡರು.

ಮಕ್ಕಳಿರಲಿಲ್ಲ. ಅಪ್ಪ ಹೋಗಿ ತಂಗಿಯನ್ನು ಮನೆಗೆ ಕರೆತಂದರು. ಅತ್ತೆ ಗಾಡಿಯಿಂದ ಇಳಿದಾಗ ಟ್ರಂಕನ್ನು ಆಳಿನ ಕೈಗೆ ಕೊಟ್ಟರು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚಿಕ್ಕ ಬಟ್ಟೆಯ ಗಂಟನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಅದು ಬೀಜ. ಗಂಡನ ನೆನಪಿಗೆ ಬೇರೆ ಹೆಂಗಸರು ಏನೇನು ಇಟ್ಟುಕೊಳ್ಳುತ್ತಾರೋ ನಾನು ಅರಿಯೆ. ಅತ್ತೆಗೆ ಇದ್ದದ್ದು ಇದೊಂದೇ, ಮತ್ತು ಇದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಉಳಿಯುವ ವಸ್ತುವಲ್ಲ. ವರ್ಷ ವರ್ಷವೂ ಬಿತ್ತಬೇಕು, ಆರಿಸಬೇಕು. ನಾಲ್ಕಾರು ವರ್ಷ ಮೈಮರೆತರೆ ಬೀಜ ಸತ್ತುಹೋಗುತ್ತದೆ.

ಬಚ್ಚಲ ನೀರು ಹರಿದು ಹೋಗುವ ಕಡೆ ಅಜ್ಜಿ ಒಂದಿಷ್ಟು ಜಾಗ ಬಿಟ್ಟುಕೊಟ್ಟರು. "ಬೆಳ್ಕೊ, ಆದ್ರೆ ಒಳಗೆ ತರ್ಬ್ಯಾಡ" ಎಂಬುದು ಕರಾರು. ಅತ್ತೆ ಹಾಗೇ ನಡೆದುಕೊಂಡರು. ಹಣ್ಣನ್ನು ಅಕ್ಕಪಕ್ಕದವರಿಗೆ ಹಂಚುತ್ತಿದ್ದರು. ತಮಗೆ ತಿನ್ನಬೇಕೆನಿಸಿದರೆ ಸೆರಗಿನಲ್ಲಿ ಚೂರು ಉಪ್ಪು ಕಟ್ಟಿಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಿಂದು, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದರು. ಬೀಜಕ್ಕೆಂದು ಆರಿಸಿದ ಗಿಡದ ಹಣ್ಣಿನ ತೊಟ್ಟಿಗೆ ಹಳೆ ಸೀರೆಯ ಚೂರೊಂದನ್ನು ಕಟ್ಟಿ ಗುರುತು ಮಾಡುತ್ತಿದ್ದರು. ಹಣ್ಣು ಗಿಡದಲ್ಲೇ ಮಾಗಿ ಮೆತ್ತಗಾದ ಮೇಲೆ ಕಿತ್ತು, ಲೋಳೆಸಮೇತ ಬೀಜವನ್ನು ಮಣ್ಣಿನ ಕುಡಿಕೆಗೆ ಹಿಂಡಿ ಹುಳಿಯಲು ಬಿಡುತ್ತಿದ್ದರು. ಮೇಲೆ ಬಿಳಿಯ ಕೆನೆ ಕಟ್ಟಿದಾಗ ನೀರು ಹಾಕಿ ತೊಳೆದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳದಲ್ಲಿ ಕೂರುತ್ತದೆ. ಅದನ್ನು ನೆರಳಲ್ಲಿ ಒಣಗಿಸಿ, ಆರಿದ ಒಲೆಯ ಬೂದಿ ಬೆರೆಸಿ ಗಂಟು ಕಟ್ಟಿಡುವುದು. ಇಷ್ಟೂ ಹಿತ್ತಲಲ್ಲೇ ನಡೆಯುತ್ತಿತ್ತು. ಅಜ್ಜಿ ನೋಡಿಯೂ ನೋಡದವರಂತೆ ಇರುತ್ತಿದ್ದರು.

ನಾನು ಹೇಳಬೇಕೆಂದಿರುವುದು ಒಂದು ವರ್ಷದ ಸಂಗತಿ. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು, ಮಂಡಿಯ ಜವಾಬ್ದಾರಿ ಅರ್ಧ ನನ್ನ ತಲೆಗೆ ಬಂದಿತ್ತು. ಹಳೆಯ ಬೀಜ ಸರಿಯಾಗಿ ಮೊಳೆಯುತ್ತಿಲ್ಲವೆಂದು ಅತ್ತೆ ಆ ವರ್ಷ ಗಂಟಿನಲ್ಲಿದ್ದುದನ್ನೆಲ್ಲ ಬಿತ್ತಿಬಿಟ್ಟಿದ್ದರು. ಗಿಡಗಳು ಚೆನ್ನಾಗಿ ಎದ್ದವು. ಆಮೇಲೆ ರೋಗ ಬಂತು ನೋಡಿ, ಸಾಲಿಗೆ ಸಾಲೇ ಮುದುರಿಕೊಂಡಿತು. ಅತ್ತೆ ಒಂದೊಂದನ್ನೇ ಕಿತ್ತು ಸುಟ್ಟರು. ಕೊನೆಗೆ ಬೇಲಿಯ ಮೂಲೆಯಲ್ಲಿ ಒಂದು ಗಿಡ ಉಳಿಯಿತು. ಸುತ್ತಲಿನವೆಲ್ಲ ಸತ್ತರೂ ಅದರ ಒಂದು ಎಲೆಯೂ ಸುರುಟಲಿಲ್ಲ. ಒಂದು ಸಂಜೆ ಅತ್ತೆ ನನ್ನನ್ನು ಕರೆದು ತೋರಿಸಿದರು. "ಇದೇ ಕಣಪ್ಪ. ನಿಮ್ಮ ಮಾವ ಇದುಕ್ಕೇ ಕಾದಿದ್ದು" ಎಂದರು. ಮಾವ ತೀರಿಕೊಂಡಾಗಲೂ ನಮ್ಮೆದುರು ಅಳದಿದ್ದ ಅತ್ತೆಯ ಕಣ್ಣಲ್ಲಿ ಅವತ್ತು ನೀರು ನೋಡಿದೆ.

ಗಿಡದಲ್ಲಿ ಇದ್ದದ್ದು ಮೂರು ಹಣ್ಣು. ಬಿಸಿಲು ಜೋರಾಗಿ, ಮುಂದಿನ ಹೂವೆಲ್ಲ ಉದುರುತ್ತಿತ್ತು. ಅತ್ತೆ ಈ ಸಲ ಹಳೆ ಸೀರೆಯ ಚೂರು ಹುಡುಕಲಿಲ್ಲ. ಒಳಗೆ ಹೋಗಿ ದೇವರ ಗೂಡಿನಲ್ಲಿದ್ದ ಅರಿಶಿನದ ದಾರ ತಂದು ಮೂರಕ್ಕೂ ಕಟ್ಟಿದರು. ಸಂತೋಷಕ್ಕೆ ಹಾಗೆ ಮಾಡಿದರೆಂದು ನನ್ನ ಎಣಿಕೆ. ಅಷ್ಟು ಸಂತೋಷವನ್ನು ಬೇರೆ ಹೇಗೆ ತೋರಿಸಬೇಕೆಂದು ಅವರಿಗೆ ತಿಳಿದಿರಲಾರದು.

ನಮ್ಮವರಲ್ಲಿ ಅರಿಶಿನದ ದಾರ ಕಟ್ಟಿದ ವಸ್ತುವೆಂದರೆ ಮೀಸಲು. ಹರಕೆ ಹೊತ್ತವರು ಒಳ್ಳೆಯ ಫಲಕ್ಕೆ ದಾರ ಕಟ್ಟುತ್ತಾರೆ. ಅದನ್ನು ಮನೆಯವರು ತಿನ್ನುವ ಹಾಗಿಲ್ಲ. ಸೋಮವಾರ ಭಿಕ್ಷೆಗೆ ಬರುವ ಜಂಗಮ ಅಯ್ಯನವರ ಜೋಳಿಗೆಗೆ ಅದು ಸೇರಬೇಕು. ಇಷ್ಟು ಹೇಳಿದ ಮೇಲೆ ಮುಂದಿನದನ್ನು ನೀವೇ ಊಹಿಸಿರುತ್ತೀರಿ. ಊಹಿಸಿದರೂ ನಾನು ಹೇಳುತ್ತೇನೆ.

ಆ ಸೋಮವಾರ ಲೇಪಾಕ್ಷಿಯ ನೆಂಟರ ಮನೆಯಲ್ಲಿ ನಾಮಕರಣ. ಅತ್ತೆ, ನಾನು, ನನ್ನ ಹೆಂಡತಿ ಹೋಗಿದ್ದೆವು. ಹಣ್ಣು ಇನ್ನೊಂದು ಬಿಸಿಲು ಕಾಯಲಿ, ಬಂದು ಬಿಡಿಸಿದರಾಯಿತು ಎಂದು ಅತ್ತೆ ಹೊರಟಿದ್ದರು. ಸಂಜೆ ಮರಳಿದಾಗ ಅಜ್ಜಿ ಜಗಲಿಯ ಮೇಲೇ ಕಾಯುತ್ತಿದ್ದರು. ಮುಖದಲ್ಲಿ ಅಪರೂಪದ ಗೆಲುವು.

"ನೀಲೀ, ನಿನ್ನ ಮೀಸ್ಲು ಮುಟ್ಟುಸ್ಬುಟ್ಟೆ ಕಣೆ" ಎಂದರು. "ನೀನು ಊರಲ್ಲಿಲ್ಲ ಅಂತ ಹರಕೆ ನಿಲ್ಲಬಾರ್ದು ನೋಡು. ನಾನೇ ಕೈಯಾರೆ ಕಿತ್ತು, ತೊಳ್ದು, ಮೂರನ್ನೂ ಅಯ್ಯನೋರ ಜೋಳಿಗೆಗೆ ಹಾಕ್ದೆ. ಇಷ್ಟು ವರ್ಸ ನಿನ್ನ ಆ ಹಣ್ಣನ್ನ ಹೀಯಾಳಿಸ್ದೆ. ನಂದು ತಪ್ಪಾಯ್ತು ಕಣಮ್ಮ."

ಅಜ್ಜಿ ಮೊದಲ ಸಲ ಅದನ್ನು ಹಣ್ಣು ಎಂದಿದ್ದರು. ಅತ್ತೆ ಹೊಸಿಲ ಮೇಲೆ ಕೈಯೂರಿ ನಿಂತರು. ಅವರ ಮುಖದಿಂದ ರಕ್ತ ಇಳಿದು ಹೋದದ್ದು ನನಗೆ ಕಂಡಿತು. ಅಜ್ಜಿಯ ಕಣ್ಣು ಮಂದವಾಗಿದ್ದರಿಂದ ಅವರಿಗೆ ಕಂಡಿರಲಾರದು.

"ಒಳ್ಳೇದಾಯ್ತು ಬಿಡಮ್ಮ" ಎಂದರು ಅತ್ತೆ. "ನಾನೇ ಕೊಡ್ಬೇಕು ಅಂತಿದ್ದೆ. ನೀನು ಕೊಟ್ಟಿದ್ದೇ ಹೆಚ್ಚು."

ನಾನು ಸೈಕಲ್ ಹೊರಗೆಳೆದೆ. ಅಯ್ಯನವರ ಊರು ದೂರವೇನಲ್ಲ, ಹಣ್ಣನ್ನು ಅವರಿನ್ನೂ ತಿಂದಿರಲಿಕ್ಕಿಲ್ಲ, ತಿಂದಿದ್ದರೂ ಬೀಜ ಬಿದ್ದಿರುತ್ತದೆ ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಅತ್ತೆ ಹಿಂದೆಯೇ ಬಂದು ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡರು.

"ಜೋಳಿಗೆಗೆ ಬಿದ್ದುದ್ದನ್ನ ವಾಪಸ್ ಕೇಳ್ತಾರೇನಪ್ಪ?"

"ಅತ್ತೆ, ಅದೊಂದೇ ಗಿಡ ಅಲ್ವಾ? ಬೀಜ ಎಲ್ಲೈತೆ ಇನ್ನು?"

"ಇಲ್ಲ ಕಣಪ್ಪ. ಪೋನೀ, ಹೋಗ್ಲಿ ಬಿಡು. ಅಮ್ಮಂಗೆ ಗೊತ್ತಾದ್ರೆ ಅವ್ಳು ಬದುಕಿರೋವರ್ಗೂ ಕೊರಗ್ತಾಳೆ."

ಅವರು ಕೈ ತೆಗೆಯುವವರೆಗೂ ನಾನು ಕದಲಲಿಲ್ಲ. ಆಮೇಲೆ ಸೈಕಲ್ಲನ್ನು ಒಳಗಿಟ್ಟೆ. ಅತ್ತೆ ದಿನಾ ಆ ಗಿಡಕ್ಕೆ ನೀರು ಹಾಕಿದರು. ಅದು ಒಂದೆರಡು ಹೂವು ಬಿಟ್ಟಿತು, ಬಿಸಿಲಿಗೆ ಅವೂ ಉದುರಿದವು. ಕಡೆಗೆ ಗಿಡವೂ ಒಣಗಿತು.

ಮುಂದಿನ ಸೋಮವಾರ ಅಯ್ಯನವರು ಬಂದಾಗ ಅಜ್ಜಿ ಆಸೆಯಿಂದ ಕೇಳಿದರು, "ಹಣ್ಣು ಹೆಂಗಿತ್ತು ಅಯ್ಯನೋರೆ?" ಅವರು ಒಂದು ಕ್ಷಣ ತಡೆದು, "ಚೆನ್ನಾಗಿತ್ತವ್ವ" ಎಂದರು. ಆ ತಡೆದದ್ದು ನನಗೆ ಸರಿಬರಲಿಲ್ಲ. ಅವರ ಹಿಂದೆ ಬೀದಿಯ ತಿರುವಿನವರೆಗೂ ಹೋಗಿ ವಿಚಾರಿಸಿದೆ. ಮನುಷ್ಯ ಪಾಪ, ತಲೆ ತಗ್ಗಿಸಿದರು. "ನಾನು ಅದನ್ನ ತಿನ್ನಾಕಿಲ್ಲ ಕಣಪ್ಪ, ನಮ್ಮಲ್ಲಿ ಆಗಿಬರಾಕಿಲ್ಲ. ಅವ್ವ ಅಷ್ಟು ಭಕ್ತಿಯಿಂದ ಕೊಟ್ಟಾಗ ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಮನೇಗ್ ಹೋಗಿ ಹಸೂಗೆ ಹಾಕ್ಬುಟ್ಟೆ. ಅವ್ವಂಗೆ ಹೇಳ್ಬ್ಯಾಡ."

ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಆದರೆ ಅಯ್ಯನವರ ಹಸುವಿನ ತಿಪ್ಪೆಯನ್ನು ಒಂದು ದಿನ ಹೋಗಿ ನೋಡಿ ಬಂದೆ. ಮಂಡಿಯ ಯಜಮಾನನಾಗಬೇಕಾದವನು, ಗರಿಗರಿ ಪಂಚೆ ಎತ್ತಿಕಟ್ಟಿಕೊಂಡು, ಕೋಲಿನಿಂದ ಸಗಣಿ ಕೆದಕುತ್ತ ನಿಂತದ್ದನ್ನು ನೀವು ನೋಡಬೇಕಿತ್ತು. ಒಂದು ಮೊಳಕೆಯೂ ಕಾಣಲಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕೆಲವು ದಿನಗಳ ಮೇಲೆ ಅಜ್ಜಿ ನನ್ನನ್ನು ಕರೆದು, "ಸಂತೇಲಿ ಆ ಹಣ್ಣು ಸಿಕ್ರೆ ತತ್ತೀಯೇನ್ಲಾ?" ಎಂದರು. "ಅಯ್ಯನೋರೇ ತಿಂದ ಮ್ಯಾಲೆ ನಮ್ದೇನೈತೆ? ನೀಲಿ ಇಷ್ಟು ವರ್ಸ ಹಿತ್ಲಲ್ಲಿ ಕದ್ದು ತಿಂದಂಗೆ ತಿಂದ್ಲು. ನಂಗೆ ಹೊಟ್ಟೇಲಿ ಸಂಕ್ಟ ಆಯ್ತದೆ" ಎಂದರು. ಸಂತೆಗೆ ಹೋಗಿ ತಂದೆ. ಹುಳಿ ಹುಳಿಯಾದ, ಮೈಯೆಲ್ಲ ಗೆರೆ ಬಿದ್ದ ಚಪ್ಪಟೆ ಹಣ್ಣು. ಮಾವನ ಗುಂಡು ಹಣ್ಣಿಗೂ ಅದಕ್ಕೂ ಯಾವ ನೆಂಟಸ್ತನವೂ ಇರಲಿಲ್ಲ. ಅತ್ತೆ ಅದನ್ನೇ ಹಾಕಿ ಸಾರು ಮಾಡಿದರು. ನಮ್ಮ ಅಡಿಗೆಮನೆಯಲ್ಲಿ ಕುದಿದ ಮೊದಲ ಟೊಮಾಟೊ ಅದು. ಅಜ್ಜಿ ಎರಡನೆಯ ಸಲ ಬಡಿಸಿಕೊಂಡು ಕೇಳಿದರು.

"ನಿನ್ನ ಗಂಡ ಬೆಳೀತಿದ್ದುದ್ದು ಇದ್ನೇ ಏನೇ, ನೀಲೀ?"

"ಊಂ ಕಣಮ್ಮ" ಎಂದರು ಅತ್ತೆ. "ಇದ್ನೇ."

ಅತ್ತೆ ತಲೆಯೆತ್ತದೆ ಉಂಡು ಮುಗಿಸಿದರು. ಆಮೇಲೆ ಮಿಕ್ಕಿದ್ದ ಸಂತೆಯ ಹಣ್ಣುಗಳಲ್ಲಿ ಒಂದನ್ನು ಕುಡಿಕೆಗೆ ಹಿಂಡಿ, ಬೀಜ ತೆಗೆದು, ಆ ಜಾಗದಲ್ಲೇ ಬಿತ್ತಿದರು. ಮತ್ತೆ ಮೊದಲಿನಿಂದ. ಅಜ್ಜಿ ಹೋದ ಮೇಲೂ ಬಿತ್ತಿದರು, ಆರಿಸಿದರು, ರೋಗ ಬಂದ ಗಿಡ ಕಿತ್ತು ಸುಟ್ಟರು. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಸುಡಬೇಕಾದ ಗಿಡಗಳು ತೀರ ಕಡಿಮೆಯಾಗಿದ್ದವು. ಅವರು ತೀರಿಕೊಂಡ ಮೇಲೆ ಆ ಬೀಜ ನನ್ನ ಪಾಲಿಗೆ ಬಂತು. ನನ್ನ ಮನಸ್ಸಿನಲ್ಲಿ ಮಾತ್ರ ಅದು ಯಾವತ್ತೂ ಸಂತೆಯ ಹಣ್ಣೇ ಆಗಿತ್ತು. ಅಸಲು ಹೋಯಿತು, ಇದು ಅದರ ಬದಲಿಗೆ ಎಂದೇ ನೀರು ಹಾಕುತ್ತಿದ್ದೆ.

ಇಂದು ಮಧ್ಯಾಹ್ನ ಕಲ್ಯಾಣದುರ್ಗದಿಂದ ಮಾವನ ತಮ್ಮನ ಮಗ ಬಂದ. ಊಟವಾದ ಮೇಲೆ ಹಿತ್ತಲಿಗೆ ಬಂದು ಗಿಡಗಳನ್ನು ನೋಡಿ, "ಇದು ನಮ್ಮ ದೊಡ್ಡಪ್ಪಂದೇ ಅಲ್ವಾ ಭಾವ? ನಮ್ಮೂರಲ್ಲಿ ಯಾರತ್ರಾನೂ ಉಳೀಲಿಲ್ಲ. ಒಂಚೂರು ಬೀಜ ಕೊಟ್ರೆ ಒಯ್ತೀನಿ" ಎಂದ.

ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಅತ್ತೆ ಹೌದೆಂದದ್ದು ತಾಯಿಯ ಮನಸ್ಸು ನೋಯದಿರಲೆಂದು. ಈಗ ಹಾಗೆ ನೋಯುವವರು ಯಾರೂ ಉಳಿದಿಲ್ಲ. ಬೀಜವನ್ನು ಅವನ ಕೈಗೆ ಕೊಟ್ಟು, ನಡೆದದ್ದನ್ನು ನಿಮಗೆ ಹೇಳಿದ ಹಾಗೇ ಅವನಿಗೂ ಹೇಳಿದೆ. ಹೇಳಿ, "ನಿಮ್ಮ ದೊಡ್ಡಪ್ಪಂದು ಹೋಯ್ತಪ್ಪ. ಇದು ನಿಮ್ಮ ದೊಡ್ಡಮ್ಮ ಮಾಡಿದ್ದು, ಅವರ್ದೇ" ಎಂದೆ.

ಅವನು ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. "ನಮ್ಮನೇಲಿ ಇದು ಯಾರ್ಗೂ ಗೊತ್ತಿಲ್ಲ ಭಾವ" ಎಂದ.

"ಇದು ಅತ್ತೇದೇ ಅಂತ ನಿನ್ಗೆ ಹೇಳೋವರ್ಗೂ ನಂಗೂ ಗೊತ್ತಿರ್ಲಿಲ್ಲ ಕಣಪ್ಪ" ಎಂದೆ.