ಅತ್ತೆ ಉಂಡ ಪಸ್ಕದ ರೊಟ್ಟಿ

ನನ್ನ ಗಂಡ ಗಡಹಿಂಗ್ಲಜದ ಲಿಂಗಾಯತ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರು. ಓದಲೆಂದು ಕೊಲ್ಹಾಪುರಕ್ಕೆ ಬಂದು, ಅಲ್ಲಿ ಚರ್ಚಿಗೆ ಹೋಗತೊಡಗಿ, ಕೊನೆಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆಮೇಲೆ ಮನೆಯವರು ಮಾತು ಬಿಟ್ಟರು. ನಾನು ಇಚಲಕರಂಜಿಯವಳು. ಬೆಳಗಾವಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ನಿಂತ ಕ್ರೈಸ್ತ ಕುಟುಂಬ ನಮ್ಮದು. ಅರವತ್ತರ ಆಸುಪಾಸಿನಲ್ಲಿ ನಮ್ಮ ಲಗ್ನವಾದಾಗ ಗಡಹಿಂಗ್ಲಜದಿಂದ ಒಂದು ಜೀವವೂ ಬರಲಿಲ್ಲ. ಇವರು ಕೊಲ್ಹಾಪುರದಲ್ಲಿ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು.

ಧರ್ಮ ಬದಲಾದರೂ ಇವರು ಮಾಂಸ ಮುಟ್ಟಿದವರಲ್ಲ. ತವರಿನಲ್ಲಿ ಭಾನುವಾರ ಬಂತೆಂದರೆ ಮಟನ್ ತಿಂದು ಬೆಳೆದವಳು ನಾನು. ಲಗ್ನವಾದ ಮೇಲೆ ಬಿಟ್ಟುಬಿಟ್ಟೆ. ಇವರೇನೂ ಬಿಡು ಎಂದಿರಲಿಲ್ಲ. ಒಂದೇ ಒಲೆ, ಇಬ್ಬರೇ ಜನ, ಎರಡು ಅಡಿಗೆ ಯಾಕೆ ಎಂದು ಬಿಟ್ಟೆ, ಅಷ್ಟೇ.

ಲಗ್ನವಾಗಿ ಕೆಲವು ವರ್ಷಗಳ ಮೇಲೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಅತ್ತೆಯ ಕಣ್ಣಿಗೆ ಪೊರೆ ಬಂದು ಕೊಲ್ಹಾಪುರದಲ್ಲಿ ಆಪರೇಶನ್ ಮಾಡಿಸಬೇಕಾಯಿತು. ಇವರ ಅಣ್ಣ, ನನ್ನ ಭಾವನದು ಬೆಲ್ಲದ ಅಡತಿ ಅಂಗಡಿ. ಅದು ಬೆಲ್ಲದ ಸುಗ್ಗಿ. ಅವರು ಅಂಗಡಿ ಬಿಟ್ಟು ಕೂಡುವ ಹಾಗಿರಲಿಲ್ಲ. ಬೇರೆ ದಾರಿ ಇಲ್ಲದೆ ತಾಯಿಯನ್ನು ಎಸ್.ಟಿ. ಬಸ್ಸಿನಲ್ಲಿ ಕರೆತಂದು, ನಮ್ಮ ಹೊಸ್ತಿಲಿನ ಆಚೆಯೇ ನಿಂತು, ಚೀಲ ಇಳಿಸಿ ಹೋದರು. ಚೀಲದಲ್ಲಿ ಅತ್ತೆಯ ತಾಟು, ಗಡಿಗೆ, ಜೋಳದ ಹಿಟ್ಟು, ಖಾರದ ಪುಡಿ ಎಲ್ಲ ಇದ್ದವು. ಅತ್ತೆ ಅಂಗಳದಲ್ಲಿ ಮೂರು ಕಲ್ಲು ಹೂಡಿ ತಾವೇ ಬೇಯಿಸಿಕೊಂಡರು. ನಾನು ತಂದ ನೀರನ್ನು ಚೆಲ್ಲಿ, ನಳದಿಂದ ತಾವೇ ಹಿಡಿದುಕೊಂಡರು. ಜಗಳವಿಲ್ಲ, ಬಿರುಸು ಮಾತಿಲ್ಲ.

ತೊಂದರೆಯಾದದ್ದು ಆಪರೇಶನ್ ಆದ ಮೇಲೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಬಗ್ಗಬಾರದು, ಹೊಗೆಯ ಹತ್ತಿರ ಹೋಗಬಾರದು, ಒಲೆ ಊದಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ನಾನು ಬಿಸಿ ಅನ್ನ, ಬ್ಯಾಳಿ ಮಾಡಿ ಮುಂದಿಟ್ಟೆ.

"ನನಗ ಹಸಿವಿಲ್ಲ. ಎರಡು ಬಾಳಿಹಣ್ಣು ಕೊಡು, ಸಾಕು," ಎಂದರು.

ಮರುದಿನವೂ ಬಾಳೆಹಣ್ಣೇ. ಗೌಳಿ ತಂದ ಹಾಲನ್ನು ಹಸಿಯಾಗಿಯೇ ಕುಡಿದರು. ನಾನು ಕಾಸಿದರೆ ನನ್ನ ಪಾತ್ರೆಯಾಗುತ್ತಲ್ಲ. ಇವರು ದವಾಖಾನೆಯಿಂದ ಬಂದು ತಾಯಿಯ ಮುಂದೆ ಕೂತು, "ಅವ್ವಾ, ಹಿಂಗಾದ್ರ ಗಾಯ ಹೆಂಗ ಮಾಯ್ಬೇಕು?" ಎಂದು ಕೇಳಿದರು. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.

ನಮ್ಮ ಪಕ್ಕದ ಕೋಣೆಗಳಲ್ಲಿ ಯಹೂದಿ ಗಂಡಹೆಂಡತಿ ಇದ್ದರು. ಕೊಂಕಣದ ಕಡೆಯ ಹಳೆಯ ಮನೆತನ, ಮನೆಮಾತು ಮರಾಠಿ. ಗಂಡ ರಸ್ತೆ ಕೆಲಸದ ಓವರ್ಸಿಯರ್ ಆಗಿದ್ದು ನಿವೃತ್ತರಾದವರು. ಹೆಂಡತಿಯನ್ನು ವಾಡೆಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಗಂಡುಮಕ್ಕಳಿಬ್ಬರೂ ಆಗಲೇ ಇಸ್ರೇಲಿಗೆ ಹೋಗಿ ನೆಲೆಸಿದ್ದರು. ಆ ದಂಪತಿಯೂ ಮಳೆಗಾಲಕ್ಕೆ ಮುಂಚೆ ಅಲ್ಲಿಗೇ ಹೊರಡುವವರಿದ್ದರು.

ಆ ವಾರ ಮಾವಶಿಯ ಮನೆಗೆ ಸುಣ್ಣ ಬಳಿಯುತ್ತಿದ್ದರು. ಕಲಾಯಿಯವನು ಅಂಗಳದಲ್ಲಿ ತಿದಿ ಊದುತ್ತ ಅವರ ಪಾತ್ರೆಗಳನ್ನೆಲ್ಲ ಬೆಳ್ಳಗೆ ಮಾಡುತ್ತಿದ್ದ. ಸುಣ್ಣದ ವಾಸನೆ, ತಿದಿಯ ಸಪ್ಪಳ ಹಿಡಿದು ಅತ್ತೆ ಕೇಳಿದರು: "ಬಾಜೂ ಮನ್ಯಾಗ ಲಗ್ನ ಐತೇನು?"

"ಇಲ್ರಿ ಅತ್ತಿ, ಅವರ ದೊಡ್ಡ ಹಬ್ಬ. ಪಸ್ಕ ಅಂತೇವಿ ನಾವು."

ಅಷ್ಟರಲ್ಲಿ ಮಾವಶಿಯೇ ಉಪ್ಪಿನಕಾಯಿ ಭರಣಿ, ದೋಸೆ ಹಿಟ್ಟು, ಪಾವ್ ಬ್ರೆಡ್ಡು ಎಲ್ಲ ಹೊತ್ತು ನಮ್ಮ ಮನೆಗೆ ಬಂದರು. ಹುಳಿ ಬಂದದ್ದು ಯಾವುದೂ ಹಬ್ಬದ ದಿನಗಳಲ್ಲಿ ಮನೆಯೊಳಗೆ ಇರಕೂಡದು. ಹಬ್ಬಕ್ಕೆ ಅವರ ಮಂದಿ ಇಟ್ಟ ಹೆಸರೇ 'ಅನಾಶಿ ಢಾಕಾಯಚಾ ಸಣ' — ಹುಳಿಯ ಗಡಿಗೆ ಮುಚ್ಚಿಡುವ ಹಬ್ಬ. ಅತ್ತೆಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತಿತ್ತು. ಇಬ್ಬರೂ ಮಾತಿಗೆ ಕೂತರು. ಹಿಟ್ಟು ಬೀಸುವ ಮೊದಲು ಗೋಧಿಯನ್ನು ಒಂದೊಂದಾಗಿ ಆರಿಸುವುದು, ಹೊಸ ಕಲಾಯಿಯ ಪಾತ್ರೆ, ಬರೀ ಹಿಟ್ಟು ನೀರಿನ ರೊಟ್ಟಿ, ಕಲಸಿದ ಕೂಡಲೇ ಸುಟ್ಟುಬಿಡುವುದು: ಇದನ್ನೆಲ್ಲ ಕೇಳಿ ಅತ್ತೆಯ ಮುಖ ಅರಳಿತು.

"ಭಾಳ ಮಡಿ ಮಂದಿ ನೀವು," ಎಂದರು.

"ನಾವು ಮಾಂಸ ತಿಂತೀವಿ, ಅಕ್ಕಾರ," ಎಂದು ಮಾವಶಿ ಮುಚ್ಚುಮರೆಯಿಲ್ಲದೆ ಹೇಳಿದರು. "ಆದ್ರ ಅದರ ಭಾಂಡಿ-ಪಾತ್ರಿನ ಬ್ಯಾರೆ. ರೊಟ್ಟಿ ಮಾಡೂದ್ರಾಗ ಅದು ಬರಂಗಿಲ್ಲ."

ಸಂಜೆ ಮಾವಶಿ ಆ ರೊಟ್ಟಿ ಎರಡನ್ನು ತಂದುಕೊಟ್ಟರು. ಅತ್ತೆ ಕುತ್ತಿಗೆಯ ಲಿಂಗ ಕಣ್ಣಿಗೊತ್ತಿಕೊಂಡು, ಮುರಿದು ಮುರಿದು ಪೂರ್ತಿ ತಿಂದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಾಂಸ ತಿನ್ನುವವರ ಕೈಯ ರೊಟ್ಟಿ ಆಗುತ್ತದೆ, ತಮ್ಮ ಮಗನಿಗಾಗಿ ಮಾಂಸ ಬಿಟ್ಟವಳ ಕೈಯ ಅನ್ನ ಆಗುವುದಿಲ್ಲ. ಒಳಗೆ ಹೋಗಿ ಮೆಂತ್ಯ ಸೊಪ್ಪು ಸೋಸುತ್ತ ಕೂತೆ. ಅಳು ಬಂತು, ಅತ್ತುಬಿಟ್ಟೆ. ಮುದುಕಿಯ ಹೊಟ್ಟೆಗೆ ಏನಾದರೂ ಬಿತ್ತಲ್ಲ ಎಂಬ ಸಮಾಧಾನವೂ ಇತ್ತು.

ಆ ವರ್ಷ ನಮ್ಮ ಶುಭ ಶುಕ್ರವಾರದ ಸಂಜೆಯೇ ಅವರ ಹಬ್ಬದ ಊಟ. ಮಾವಶಿ ನಮ್ಮ ಮೂವರನ್ನೂ ಕರೆದರು. ಈ ಮನೆಯಲ್ಲಿ ಅದು ಅವರ ಕೊನೆಯ ಹಬ್ಬ. ನನಗೆ ಮನಸ್ಸಾಗಲಿಲ್ಲ.

"ಇವತ್ತ ಹೆಂಗ ಊಟಕ್ಕ ಹೋಗೂದ್ರಿ? ಸ್ವಾಮಿ ಸತ್ತ ದಿನ. ಮುಂಜಾನಿಂದ ಉಪವಾಸ ಇದ್ದೇವಿ," ಎಂದೆ.

ಇವರು, "ಅವನ್ನ ಕೊಂದದ್ದು ಈ ಹಬ್ಬದಾಗನ. ಈ ಹಬ್ಬ ಉಣ್ಣಾಕಂತ ಊರಿಗೆ ಬಂದಾಗನ. ಹೋಗೂಣು," ಎಂದರು.

ಹೊತ್ತು ಮುಳುಗುವ ಮುಂಚೆ ಅತ್ತೆಯ ಕೈ ಹಿಡಿದು ಕರೆದೊಯ್ದೆ. ಬಾಗಿಲ ಮೇಲೆ ಬಿಳಿ ಕಾಗದ ಅಂಟಿಸಿದ್ದರು; ಅದರ ಮೇಲೆ ಕುರಿಯ ರಕ್ತದಲ್ಲಿ ಅದ್ದಿದ ಹಸ್ತದ ಗುರುತು. ಅತ್ತೆಗೆ ಅದು ಕಾಣಲಿಲ್ಲ. ಹೇಳಲೋ ಬೇಡವೋ ಎಂದುಕೊಂಡು, ಕೊನೆಗೆ ಹೇಳಿದೆ. ಅವರು ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಕಾಲಿಟ್ಟರು. ನಮ್ಮ ಮೂವರಿಗೂ ಬೇರೆಯೇ ಮಣೆ, ಮಾಂಸ ತಾಗದ ತಾಟು. ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು, ಉತ್ತತ್ತಿಯ ಪಾಕ, ಕಹಿ ಸೊಪ್ಪು, ಆ ರೊಟ್ಟಿ.

ಓವರ್ಸಿಯರು ಹೇಳಿದರು: "ನಮ್ಮಾಗ ಮನಿಯ ಸಣ್ಣ ಮಗ ಪ್ರಶ್ನೆ ಕೇಳಬೇಕು, ದೊಡ್ಡವರು ಹೇಳಬೇಕು. ಈಗ ಕೇಳಾವ್ರು ಯಾರೂ ಉಳದಿಲ್ಲ."

"ನಾ ಕೇಳತೇನಿ ತಗೋರಿ," ಎಂದರು ಅತ್ತೆ. "ರೊಟ್ಟಿ ಯಾಕ ಉಬ್ಬಿಸಂಗಿಲ್ಲ? ಹಬ್ಬದ ದಿನ ಕಹಿ ಯಾಕ? ಬಾಗಲಕ್ಕ ರಕ್ತ ಯಾಕ?"

ಮುದುಕರು ನಕ್ಕರು. ಆಮೇಲೆ ನಗು ಬಿಟ್ಟು, ತಮ್ಮ ಹಿರಿಯರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಇಟ್ಟಿಗೆ ಹೊರುವ ಗುಲಾಮರಾಗಿದ್ದದ್ದು, ಆ ಬದುಕಿನ ಕಹಿ, ಪ್ರತಿ ಮನೆಯವರೂ ಕುರಿ ಕೊಯ್ದು ಅದರ ರಕ್ತವನ್ನು ಬಾಗಿಲಿಗೆ ಹಚ್ಚಿದ್ದು, ಆ ನಾಡಿನ ಚೊಚ್ಚಲ ಮಕ್ಕಳನ್ನು ಒಯ್ದ ಸಾವು ಆ ಮನೆಗಳನ್ನು ಮಾತ್ರ ದಾಟಿ ಮುಂದೆ ಹೋದದ್ದು, ಹಿಟ್ಟು ಹುಳಿ ಬರುವಷ್ಟೂ ಪುರುಸೊತ್ತಿಲ್ಲದೆ ರಾತ್ರೋರಾತ್ರಿ ಹೊರಟದ್ದು, ಎಲ್ಲವನ್ನೂ ಹೇಳಿದರು.

ಅತ್ತೆ ಮಗನಿದ್ದ ಕಡೆ ಮುಖ ತಿರುಗಿಸಿದರು. "ಇದು ಇವರ ಹಿರ್‍ಯಾರ ಕಥಿ ಆತು. ಗಡಹಿಂಗ್ಲಜದಾಗ ಹುಟ್ಟಿದ ನಿನಗ ಇದರಾಗ ಏನೈತಿ? ನೀ ಯಾಕ ಇವತ್ತ ಉಪವಾಸ?"

ಕ್ರೈಸ್ತರಾದ ಮೇಲೆ ತಾಯಿ ಆ ವಿಷಯ ಎತ್ತಿದ್ದು ಅದೇ ಮೊದಲು. ಇವರು ಪಾದ್ರಿಗಳ ಉಪದೇಶದ ಭಾಷೆ ಬಿಟ್ಟು ಮನೆಯ ಮಾತಿನಲ್ಲೇ ಹೇಳಿದರು:

"ಯೇಸು ಈ ಹಬ್ಬದಾಗ ತನ್ನ ಜೋಡಿ ಇದ್ದವರ ಕೂಡ ಹಿಂಗ ಕೂತು, ಇಂಥಾ ರೊಟ್ಟಿನ ಮುರದು ಕೊಟ್ಟ. ಈ ರೊಟ್ಟಿ ಮುರದಂಗ ನಿಮ್ಮ ಸಲುವಾಗಿ ನಾನೂ ಮುರದು ಹೋಗತೇನಿ ಅಂತ ತಿಳಿಸಿದ. ಮರುದಿನ ಅವನ್ನ ಕೊಂದ್ರು. ಬಾಗಲಕ್ಕ ರಕ್ತ ಹಚ್ಚಿದ ಆ ಕುರಿ ಅಂದ್ರ ಅವನ ಅಂತ ನಾವು ನಂಬತೇವಿ. ಅದಾದ ಮ್ಯಾಲ ಇನ್ನೊಂದು ಕುರಿ ಕೊಯ್ಯೂದು ಬ್ಯಾಡ, ಸಾವಿಗೆ ಅಂಜೂದೂ ಬ್ಯಾಡ."

"ಹಂಗಾರ ನಿಮ್ಮ ಬಾಗಲಕ್ಕ ಗುರುತು ಏನು?"

"ಬಾಗಲಕ್ಕ ಏನೂ ಇಲ್ಲವ್ವಾ. ಚರ್ಚಿನ್ಯಾಗ ಒಂದ ರೊಟ್ಟಿ ಮುರದು ಎಲ್ಲಾರೂ ತಿಂತೇವಿ. ನೀ ಯಾರ ಪೈಕಿ, ಯಾರ ಮನ್ಯಾಗ ಹುಟ್ಟಿದಿ ಅಂತ ಅಲ್ಲಿ ಕೇಳಂಗಿಲ್ಲ. ಅದನ ನಮ್ಮ ಗುರುತು."

ಓವರ್ಸಿಯರು ಮೆಲ್ಲಗೆ, "ಇಲ್ಲಿಂದ ನಮ್ಮ ದಾರಿ, ನಿಮ್ಮ ದಾರಿ ಬ್ಯಾರೆ. ನಮಗ ಆ ಪಯಣ ಇನ್ನೂ ಮುಗದಿಲ್ಲ," ಎಂದರು. ಅದರಲ್ಲಿ ಕಹಿಯಿರಲಿಲ್ಲ. ಇವರು ತಲೆಯಾಡಿಸಿದರು. ಹೊರಡುವಾಗ ಮಾವಶಿ ನಾಳೆಗೆಂದು ನಾಲ್ಕು ರೊಟ್ಟಿ ಕಟ್ಟಿಕೊಟ್ಟರು.

ಬೆಳಿಗ್ಗೆ ನೋಡಿದರೆ ಆ ತಾಟಿಗೆ ಕೆಂಪಿರುವೆ ಮುತ್ತಿದ್ದವು. ರೊಟ್ಟಿ ಒಂದೂ ಉಳಿಯಲಿಲ್ಲ.

"ಮಾವಶಿಗೆ ಇನ್ನೆರಡು ಕೇಳು," ಎಂದರು ಅತ್ತೆ.

"ಇವತ್ತ ಶನಿವಾರ ರಿ ಅತ್ತಿ, ಅವರು ಕೆಲಸ ಮುಟ್ಟದ ದಿನ. ಮ್ಯಾಲ ಹಬ್ಬ. ಅವರು ಒಲಿ ಹಚ್ಚಂಗಿಲ್ಲ."

ಅತ್ತೆ ಗೋಡೆಗೆ ಒರಗಿ ಕೂತರು. ಇವರು ದವಾಖಾನೆಗೆ ಹೋಗಿದ್ದರು. ನಾನು ಬಟ್ಟೆ ಒಗೆದು ಬಂದೆ, ಕಸ ಹೊಡೆದೆ. ಬಿಸಿಲು ಅಂಗಳದ ನಡುವೆ ಬರುವ ಹೊತ್ತಿಗೆ ಅತ್ತೆ ಕರೆದರು.

"ಆ ರೊಟ್ಟಿ ನಿನಗ ಮಾಡಾಕ ಬರ್ತೈತೇನು?"

"ಹಿಟ್ಟು, ನೀರು, ಅಷ್ಟ ಅಲ್ರಿ? ಬರ್ತೈತಿ."

"ಮಾಡು ಹಂಗಾರ."

ಕೈ ತೊಳೆದುಕೊಂಡು, ತವೆ ತಿಕ್ಕಿ, ಹಿಟ್ಟು ಕಲಸಿದೆ. ಗಾಬರಿಯಲ್ಲಿ ಮೊದಲನೆಯದು ಹೊತ್ತಿತು, ಅದನ್ನು ಪಕ್ಕಕ್ಕಿಟ್ಟೆ. ಮತ್ತೆರಡು ಸುಟ್ಟು ಅವರ ತಾಟಿನಲ್ಲಿಟ್ಟೆ. ಲಿಂಗ ಕಣ್ಣಿಗೊತ್ತಿಕೊಂಡು, ಒಂದು ಚೂರು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದರು.

"ಉಪ್ಪು ಹಾಕಬೇಕಾಗಿತ್ತು," ಎಂದರು.

ಎರಡನ್ನೂ ತಿಂದರು. ಮರುದಿನ ಈಸ್ಟರ್. ಚರ್ಚಿನಿಂದ ಬಂದು ಮಾಡಿದ ಅನ್ನ, ಸಾರು, ಶಾವಿಗೆ ಪಾಯಸ ಎಲ್ಲ ಉಂಡರು. ಸಾರಿಗೆ ಹುಣಸೆ ಹೆಚ್ಚಾಯಿತು ಎಂದು ತಪ್ಪು ತೆಗೆದರು. ಪಟ್ಟಿ ಬಿಚ್ಚಿದ ದಿನ ನನ್ನನ್ನು ಹತ್ತಿರ ಕರೆದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಭಾಳ ತೆಳ್ಳಗ ಅದೀ," ಎಂದರು.

ಅತ್ತೆ ಕ್ರೈಸ್ತರಾಗಲಿಲ್ಲ, ಆಗಲಿ ಎಂದು ನಾವು ಕೇಳಲೂ ಇಲ್ಲ. ಗಡಹಿಂಗ್ಲಜದಲ್ಲಿ ಬಳಗದವರು ಸೊಸೆಯ ಕೈಯಲ್ಲಿ ಉಂಡಿರೇನು ಎಂದು ಕೆದಕಿದಾಗ, "ಹೌದ್ರಿ, ಉಂಡೇನಿ. ಕಣ್ಣು ಹೋಗಿತ್ತು, ಹೊಟ್ಟಿ ಹೋಗಿರಲಿಲ್ಲ," ಎಂದರಂತೆ. ಭಾವ ಒಂದು ವರ್ಷ ಮುನಿಸಿಕೊಂಡಿದ್ದು, ಆಮೇಲೆ ತಾವೇ ಬೆಲ್ಲದ ಪೆಂಟೆ ಕಳಿಸಿದರು. ಮಾವಶಿ ದಂಪತಿ ಹೇಳಿದಂತೆ ಮಳೆಗಾಲಕ್ಕೆ ಮುಂಚೆ ಹೊರಟರು.

ಪಸ್ಕದ ಕುರಿಮರಿ ಕ್ರಿಸ್ತನೇ ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆ. ಸಾವು ದಾಟಿ ಹೋಗುವುದು ಒಂದು ಮಾತು. ಅವನು ಸತ್ತದ್ದರಿಂದ ಯಾರು ಯಾರ ಜೊತೆ ಕೂತು ಉಣ್ಣಬಹುದಾಯಿತು ಎಂಬುದು ಇನ್ನೊಂದು. ಅದು ನನಗೆ ಆ ಶನಿವಾರದವರೆಗೆ ತಿಳಿದಿರಲಿಲ್ಲ. ಅರವತ್ತರ ದಶಕ ಮುಗಿಯುವಾಗ ನಾವು ಇಚಲಕರಂಜಿಗೆ ಬಂದೆವು. ಅಲ್ಲಿಯ ಚರ್ಚಿನಲ್ಲಿ ಮಗ್ಗದ ಕೆಲಸದವರು ನೂಲಿನ ದೂಳು ಕೊಡವಿಕೊಂಡು ಪ್ರಭುಭೋಜನಕ್ಕೆ ಸಾಲಾಗಿ ನಿಲ್ಲುತ್ತಿದ್ದರು. ನಾನೂ ಅವರ ನಡುವೆ ನಿಂತು ಕೈ ಚಾಚುತ್ತಿದ್ದೆ.