ಹೊಳೆಯಬಾರದ ಚೂರು

ಗುನ್ವೋರ್ ಸೂಕ್ಷ್ಮದರ್ಶಕದಿಂದ ಮುಖ ಎತ್ತಿ, ಕಣ್ಣುಜ್ಜಿಕೊಂಡು, ಮತ್ತೆ ಬಗ್ಗಿ ನೋಡಿದಳು. ಕಪ್ಪಗಿರಬೇಕಾದ ಚೂರು ಹಸಿರಾಗಿ ಹೊಳೆಯುತ್ತಿತ್ತು. ಅಯ್ಯೋ ದೇವರೇ!

ಮೂವತ್ತೊಂದು ವರ್ಷದಿಂದ ಅವಳ ಬದುಕೆಂದರೆ ಇಷ್ಟೇ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿರುವ ತಿಳಿಗಾಜಿನಂಥ ಪೊರೆಯನ್ನು, ಹೆಪ್ಪುಗಟ್ಟಿಸಿ ಕೂದಲಿಗಿಂತ ತೆಳ್ಳಗೆ ಕೊಯ್ಯುವುದು. ಒಂದು ಗಾಜಿನ ಪಟ್ಟಿಗೆ ಎರಡು ಚೂರು ಹಚ್ಚುವುದು. ಆ ಪೊರೆಯ ಜೀವಕೋಶಗಳಲ್ಲಿ ಗ್ರಾಹಕಗಳಿವೆಯೇ ಎನ್ನುವುದು ಪ್ರೊಫೆಸರ್ ಸ್ತೂರೆಯ ಹುಡುಕಾಟ. ಗ್ರಾಹಕ ಎಂದರೆ ಅಂಗಡಿಗೆ ಬರುವ ಗಿರಾಕಿಯಲ್ಲ ಮಾರಾಯರೇ, ನರಗಳು ಕಳಿಸುವ ರಾಸಾಯನಿಕ ಸಂದೇಶವನ್ನು ಹಿಡಿದುಕೊಳ್ಳುವ ಕೊಂಡಿ. ನರವೇ ಅಲ್ಲದ ಕೋಶಕ್ಕೆ ನರದ ಸುದ್ದಿ ಯಾಕೆ ಬೇಕೋ! ಒಂದು ಚೂರಿಗೆ ದ್ರವ ಹನಿಸಿದರೆ ಅದು ಗ್ರಾಹಕಕ್ಕೆ ಅಂಟಿಕೊಂಡು ಹೊಳೆಯುತ್ತದೆ. ಇನ್ನೊಂದು ಚೂರನ್ನು ಹಾಗೇ ಬಿಡುತ್ತಾರೆ. ಅದು ಕಪ್ಪಗೇ ಉಳಿಯಬೇಕು. ಅದೂ ಹೊಳೆದರೆ ಮೊದಲನೆಯದರ ಹೊಳಪನ್ನೂ ಯಾರೂ ನಂಬುವುದಿಲ್ಲ. ದ್ರವ ಅತ್ತಿತ್ತ ಹರಿಯದಂತೆ ಚೂರಿನ ಸುತ್ತ ಮೇಣದ ಗೆರೆ ಎಳೆಯುವುದೂ ಗುನ್ವೋರಳೇ.

"ಗೆರೆ ಎಲ್ಲೋ ಬಿಟ್ಟಿರ್ಬೇಕು," ಎಂದ ಸ್ತೂರೆ, ಅವಳ ಮುಖ ನೋಡದೆ. "ಕೈ ನಡುಗ್ತಿದೆಯಾ ಗುನ್ವೋರ್? ಅರವತ್ನಾಲ್ಕಾಯ್ತು ನಿನಗೆ. ಸೋಮವಾರದಿಂದ ತೂವಾನೇ ಕೊಯ್ಲಿ ಬಿಡು."

ಹೊಸ ಹುಡುಗಿ ತೂವಾ ದೇಶದ ದಕ್ಷಿಣ ತುದಿಯ ಮಾಲ್ಮೊದಿಂದ ಈ ಉತ್ತರದ ಊರಿಗೆ ಬಂದು ಎರಡೇ ವಾರವಾಗಿತ್ತು. ದ್ರವ ಹನಿಸುವುದಷ್ಟೇ ಅವಳ ಕೆಲಸ.

ಗುನ್ವೋರ್ ಗಾಜಿನ ಪಟ್ಟಿಯನ್ನು ಡಬ್ಬಿಗೆ ಸೇರಿಸಿದಳು. ಸಂಜೆ ಮನೆಗೆ ಬಂದು, ಹಿಮದ ಬೂಟು ಕಳಚುವಷ್ಟು ತ್ರಾಣವೂ ಇಲ್ಲದೆ, ಅಡುಗೆಮನೆಯ ಮೇಜಿನ ಮುಂದೆ ಕೂತಳು. ಹಳೇ ಪೇಪರಿನ ಮೇಲೆ ಪೆನ್ನಿನಿಂದ ಸಣ್ಣ ಸಣ್ಣ ಸುತ್ತು ಎಳೆದಳು. ಎಲ್ಲ ನೆಟ್ಟಗೇ ಇದ್ದವು. ಆದರೂ ನಂಬಿಕೆ ಬರಲಿಲ್ಲ. ಕೈಯೇ ಕೈಕೊಟ್ಟಿತೇ? ಕೆಲಸ ಬಿಡಬೇಕಾಗಿ ಬಂದರೆ ಬಿಡೋಣ, ಆದರೆ ತಾನಾಗಿ ಬಿಡಬೇಕು, ಕೆಡಿಸಿದಳು ಅಂತ ಅನ್ನಿಸಿಕೊಂಡು ಹೋಗುವುದೆಂದರೆ ಸಾಯುವಷ್ಟು ನಾಚಿಕೆ.

ಮರುದಿನ ಕಾಫಿ ಹೊತ್ತಿನಲ್ಲಿ ತೂವಾ ಏಲಕ್ಕಿ ಬನ್ನಿನ ತಟ್ಟೆ ಮುಂದಿಟ್ಟಳು. ಗುನ್ವೋರ್ ಲೋಟದ ತಳದಲ್ಲಿದ್ದ ಚೀಸಿನ ತುಂಡನ್ನು ಚಮಚದಿಂದ ತೆಗೆದು ತಿನ್ನುತ್ತಿದ್ದಳು.

"ಕಾಫಿಗೆ ಚೀಸು! ನೀವು ಉತ್ತರದವರು ಉದ್ಧಾರ ಆಗಲ್ಲ," ಎಂದು ತೂವಾ ನಕ್ಕಳು. "ಇನ್ನೊಂದು ಲೋಟ ಹಾಕ್ಲಾ?"

ಗುನ್ವೋರ್ ತುಟಿ ಮುಂದೆ ಮಾಡಿ "ಶುಪ್" ಎಂದು ಉಸಿರು ಒಳಗೆಳೆದುಕೊಂಡಳು.

ತೂವಾ ಕೆಟಲನ್ನು ವಾಪಸ್ ಇಟ್ಟುಬಿಟ್ಟಳು.

"ಯಾಕೇ? ಹಾಕೇ!"

"ನೀನೇ ನಿಟ್ಟುಸಿರು ಬಿಟ್ಯಲ್ಲ. ನಾನು ಏನು ಕೇಳಿದ್ರೂ ನಿನಗೆ ಬೇಜಾರು."

"ನಿಟ್ಟುಸಿರಾ? ಅದು 'ಹೂಂ' ಅಂತ ಕಣೇ! ನಮ್ಮ ಕಡೆ ಹೂಂ ಅನ್ನೋದೇ ಹಾಗೆ."

ತೂವಾಳ ಮುಖದ ನಗು ಅಳಿಸಿಹೋಯಿತು. "ಮಂಗಳವಾರ... 'ಎರಡನೇ ಚೂರು ಹಾಗೇ ಬಿಡ್ಲಾ' ಅಂತ ಕೇಳ್ದಾಗ?"

"ಹೂಂ ಅಂದೆ."

"ನಾನು ಪೆದ್ದು ಪ್ರಶ್ನೆ ಕೇಳ್ದೆ, ಹಾಗೇ ಬಿಡಬಾರದು ಅಂತ ನೀನು ನಿಟ್ಟುಸಿರು ಬಿಟ್ಟೆ ಅಂದ್ಕೊಂಡೆ, ಗುನ್ವೋರ್. ಅದಕ್ಕೂ ಹನಿಸ್ಬಿಟ್ಟೆ."

ಗುನ್ವೋರಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕಲ್ಲ! ಅಳುತ್ತಿದ್ದ ಹುಡುಗಿಯ ಬೆನ್ನು ತಟ್ಟಿ, "ಏಳು, ಹೊಸದಾಗಿ ಮಾಡೋಣ," ಎಂದಳು.

ಶುಕ್ರವಾರ ಸ್ತೂರೆ ಹೊಸ ಗಾಜನ್ನು ಬಹಳ ಹೊತ್ತು ನೋಡಿದ. ಒಂದು ಚೂರಿನಲ್ಲಿ ಕೋಶಗಳ ಅಂಚಿನ ತುಂಬ ಹಸಿರು, ಪಕ್ಕದ್ದು ಕಡುಕಪ್ಪು. ಹನಿಸಿದ್ದು ತಾನೇ ಎಂದು ತೂವಾ ಆಗಲೇ ಬಾಯಿಬಿಟ್ಟಿದ್ದಳು. ಅವನು ಕಿವಿವರೆಗೂ ಕೆಂಪಾದ.

"ಮೂರ್ಖ ನಾನು. ಕ್ಷಮಿಸಿಬಿಡು. ಇಷ್ಟು ಒಳ್ಳೆ ಗೆರೆ ಎಳೆಯೋರು ಈ ಕಟ್ಟಡದಲ್ಲೇ ಇಲ್ಲ. ಇನ್ನೆರಡು ವರ್ಷ ಇರ್ತೀಯ ತಾನೆ?"

ಗುನ್ವೋರ್ ಕೈಗವಸು ಕಳಚಿ ಮಡಿಸಿಟ್ಟಳು.

"ಇಲ್ಲ ಸ್ತೂರೆ. ಬೇಸಿಗೆಗೆ ಬಿಡ್ತೀನಿ. ಕೈ ಗಟ್ಟಿಯಾಗೇ ಇದೆ. ಸುಸ್ತಾಗಿರೋದು ನನಗೆ."